ಸಂಪಾದಕರ ಉತ್ತರ: ಊರು ಹೇಳಿದೆವು, ತಿಂಗಳು ಹೇಳಲಿಲ್ಲ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗ ಸಾಲದು. ಸಾರ ಇಷ್ಟು:

"ನಿಮ್ಮಲ್ಲಿ ಬಂದ, ಇಲ್ಲಿಂದ ಉತ್ತರಕ್ಕಿರುವ ಕಡಲೂರು ಕೇರ್ನ್ಸ್ ಪ್ರವಾಸದ ಲೇಖನ ಓದಿ, ಕಾರಿನ ಹಿಂದೆ ಕಟ್ಟುವ ಮನೆಗಾಡಿ ಕ್ಯಾರವಾನ್ ಬಾಡಿಗೆಗೆ ಹಿಡಿದೆವು. ನಾನು, ಹೆಂಡತಿ, ಒಂಬತ್ತು ಮತ್ತು ಐದು ವರ್ಷದ ಮಕ್ಕಳು, ಊರಿನಿಂದ ಬಂದಿದ್ದ ಅಮ್ಮ. ಕ್ರಿಸ್‌ಮಸ್ ಮುಗಿಸಿ ಹೊರಟು ಎರಡೂವರೆ ದಿನದಲ್ಲಿ ಮುಟ್ಟಿದೆವು. ಇದ್ದ ಐದು ದಿನದಲ್ಲಿ ನಾಲ್ಕು ದಿನ ಮಳೆ. ಸಮುದ್ರದ ಹತ್ತಿರ ಹೋದರೆ ಲೋಳೆಮೀನಿನ ಎಚ್ಚರಿಕೆಯ ಬೋರ್ಡು. ಹೆದರಿ, ಹವಳದ ದಿಬ್ಬ ನೋಡಲು ಹೋಗುವ ರೀಫ್ ಬೋಟ್ ಕ್ಯಾನ್ಸಲ್ ಮಾಡಿದೆವು. ಮಿಕ್ಸಿ ಹಾಕಿದರೆ ಕರೆಂಟ್ ಹೋಗುತ್ತಿತ್ತು. ನಿಮ್ಮ ಫೋಟೋದಲ್ಲಿದ್ದ ನೀಲಿ ಆಕಾಶ ಎಲ್ಲಿತ್ತು ಸ್ವಾಮಿ? ಜುಲೈಯಲ್ಲಿ ಮತ್ತೆ ಹೋಗೋಣ ಅಂತಾಳೆ ನನ್ನ ಹೆಂಡತಿ. ನನಗೆ ಧೈರ್ಯ ಇಲ್ಲ."

ಆ ಫೋಟೋ ಜುಲೈಯದ್ದು. ತೆಗೆದವನು ನಾನೇ. ಲೇಖನದಲ್ಲಿ ಯಾವ ತಿಂಗಳು ಎಂದು ಒಂದೇ ಒಂದು ಸಾಲು ಹಾಕಬೇಕಿತ್ತು, ಹಾಕಲಿಲ್ಲ. ನಿಮ್ಮ ಸಿಟ್ಟಿನಲ್ಲಿ ಅರ್ಧ ನಮಗೆ ಸಲ್ಲಬೇಕು. ಉಳಿದರ್ಧದ ಬಗ್ಗೆ ಮುಂದೆ ಮಾತಾಡೋಣ.

ನಾವು ಯಾಕೆ ಎಡವಿದೆವು ಗೊತ್ತಾ? ಕಡಲು ಅಂದರೆ ಡಿಸೆಂಬರ್ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಗೋಕರ್ಣ, ಮಲ್ಪೆ, ಮರವಂತೆ, ಎಲ್ಲಿಗೆ ಹೋಗುವುದಿದ್ದರೂ ಮಳೆ ಮುಗಿದ ಮೇಲೆ ತಾನೆ? ವಿಜಯಪುರ ಸಮಭಾಜಕದಿಂದ ಉತ್ತರಕ್ಕೆ ಎಷ್ಟು ದೂರವೋ, ಕೇರ್ನ್ಸ್ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಹಾಗಾಗಿ ಲೆಕ್ಕ ತಲೆಕೆಳಗು. ಮಂಗಳೂರಿನಲ್ಲಿ ಜಡಿಮಳೆ ಹೊಡೆಯುವ ಜುಲೈಯಲ್ಲಿ ಅಲ್ಲಿ ಒಣಹವೆ. ಹಗಲು 26 ಡಿಗ್ರಿ ಆಸುಪಾಸು, ರಾತ್ರಿ ತೆಳ್ಳಗಿನ ಕಂಬಳಿ ಬೇಕಾಗುತ್ತದೆ. ನಮ್ಮಲ್ಲಿ ಚಳಿಗೆ ಬಿಸಿಲು ಕಾಯುವ ಜನವರಿಯಲ್ಲಿ ಅಲ್ಲಿ ಆಷಾಢ. ಅದಕ್ಕೆ 31 ಡಿಗ್ರಿ ಸೆಕೆ ಬೇರೆ. ಅಲ್ಲಿಯವರು ವರ್ಷವನ್ನು ಎರಡೇ ಭಾಗ ಮಾಡುತ್ತಾರೆ. ಮೇಯಿಂದ ಅಕ್ಟೋಬರ್ 'ಡ್ರೈ', ನವೆಂಬರ್‌ನಿಂದ ಏಪ್ರಿಲ್ 'ವೆಟ್'. ನೀವು ಹೋದದ್ದು ವೆಟ್‌ನ ನಟ್ಟನಡುವೆ.

ನಾಲ್ಕು ದಿನದ ಮಳೆಗೇ ಬಚಾವಾದಿರಿ ಅಂತಲೂ ಹೇಳಬೇಕು. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತ ಬಂದ ಮೇಲೆ ಸುರಿದ ಮಳೆಗೆ ಕೇರ್ನ್ಸ್ ವಿಮಾನ ನಿಲ್ದಾಣವೇ ನೀರಿನಲ್ಲಿ ಮುಳುಗಿತ್ತು. 2025ರ ಫೆಬ್ರವರಿಯಲ್ಲಿ ಟೌನ್ಸ್‌ವಿಲ್ ಮತ್ತು ಇಂಗಮ್ ನಡುವೆ ಹೆದ್ದಾರಿಯ ಸೇತುವೆ ಕುಸಿಯಿತು. ಹಿಂದೆ ಕ್ಯಾರವಾನ್ ಕಟ್ಟಿಕೊಂಡು, ಕಾರಿನಲ್ಲಿ ಐದು ವರ್ಷದ ಮಗು ಮತ್ತು ಅಮ್ಮನನ್ನು ಕೂರಿಸಿಕೊಂಡು ಅಂಥ ಕಡೆ ಸಿಕ್ಕಿಹಾಕಿಕೊಂಡರೆ ಏನು ಗತಿ?

ಇನ್ನು ಸಮುದ್ರದ ಬೋರ್ಡು. ನಿಮ್ಮ ದೊಡ್ಡ ಮಗನ ವಯಸ್ಸು ಒಂಬತ್ತು ಎಂದು ಓದಿದಾಗ ನನಗೆ ಒಂದು ಕಥೆ ನೆನಪಾಯಿತು. ಈಜಿ ಬಂದವರು ಅರ್ಧ ಗಂಟೆ ಕಳೆದು ಸೊಂಟನೋವು, ವಾಂತಿ, ಎದೆಬಡಿತ ಎಂದು ಒದ್ದಾಡುವುದನ್ನು ಕೇರ್ನ್ಸ್ ಕಡೆಯ ಡಾಕ್ಟರುಗಳು ತುಂಬಾ ವರ್ಷ ನೋಡಿದ್ದರು. ಮೈಮೇಲೆ ಗಾಯ ಅಂತ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಹ್ಯೂಗೋ ಫ್ಲೆಕರ್ ಎಂಬ ಡಾಕ್ಟರು 1952ರಲ್ಲಿ ಇದಕ್ಕೆ ಇರುಕಾಂಜಿ ಎಂದು ಹೆಸರಿಟ್ಟರು. ಅದು ಕೇರ್ನ್ಸ್‌ನ ಉತ್ತರ ಕರಾವಳಿಯ ಮೂಲನಿವಾಸಿಗಳ ಹೆಸರು. ಆದರೆ ಕಚ್ಚುವುದು ಏನು ಅಂತ ಯಾರಿಗೂ ಗೊತ್ತಿರಲಿಲ್ಲ. 1961ರಲ್ಲಿ ಜಾಕ್ ಬಾರ್ನ್ಸ್ ಎಂಬ ಇನ್ನೊಬ್ಬ ಡಾಕ್ಟರು ಸಮುದ್ರದಲ್ಲಿ ಗಂಟೆಗಟ್ಟಲೆ ಹುಡುಕಿ ಉಗುರಿನಷ್ಟು ಗಾತ್ರದ, ಗಾಜಿನ ಹಾಗಿರುವ ಲೋಳೆಮೀನು ಹಿಡಿದರು. ಇದೇ ಕಳ್ಳ ಹೌದೋ ಅಲ್ಲವೋ ನೋಡಬೇಕಲ್ಲ? ತಮಗೇ ಕುಟುಕಿಸಿಕೊಂಡರು. ಒಬ್ಬ ಲೈಫ್‌ಗಾರ್ಡ್‌ಗೂ ಕುಟುಕಿಸಿದರು. ತಮ್ಮ ಒಂಬತ್ತು ವರ್ಷದ ಮಗನಿಗೂ! ಮೂವರೂ ಆಸ್ಪತ್ರೆ ಸೇರಿದರು, ಮೂವರೂ ಬದುಕಿ ಬಂದರು. ಆ ಜೀವಿಗೆ ಈಗ ಅವರದೇ ಹೆಸರು. ಮನೆಯಲ್ಲಿ ಅವರ ಹೆಂಡತಿ ಏನು ಅಂದರೋ ನನಗೆ ಅದೇ ಕುತೂಹಲ.

ಇದಕ್ಕಿಂತ ದೊಡ್ಡದು, ಜೀವಕ್ಕೇ ಅಪಾಯವಾದದ್ದು ಬಾಕ್ಸ್ ಜೆಲ್ಲಿ ಎಂಬ ಲೋಳೆಮೀನು. ನವೆಂಬರ್‌ನಿಂದ ಮೇವರೆಗೆ ಇವುಗಳ ಕಾಲ. ಬೀಚ್‌ಗಳಲ್ಲಿ ಈಜಲು ಬಲೆ ಕಟ್ಟುತ್ತಾರೆ, ಪಕ್ಕದಲ್ಲಿ ವಿನಿಗರ್ ಬಾಟಲಿ ಇಡುತ್ತಾರೆ. ಇನ್ನೂ ಸಿಡಿಯದ ವಿಷದ ಕೋಶಗಳನ್ನು ವಿನಿಗರ್ ತಡೆಯುತ್ತದೆ. ಬಲೆ ದೊಡ್ಡ ಜೆಲ್ಲಿಗೆ ಸರಿ, ಇರುಕಾಂಜಿ ಬಲೆಯ ಕಣ್ಣಿನ ಸಂದಿಯಲ್ಲೇ ತೂರಿಬಿಡುತ್ತದೆ. ಆದ್ದರಿಂದ ನೀವು ಮಕ್ಕಳನ್ನು ಇಳಿಸದೇ ಇದ್ದದ್ದು ನೂರಕ್ಕೆ ನೂರು ಸರಿ. ಆದರೆ ರೀಫ್ ಬೋಟ್ ಬಿಟ್ಟದ್ದು ಅನ್ಯಾಯವಾಯಿತು. ಅಲ್ಲಿ ಕುತ್ತಿಗೆಯಿಂದ ಕಾಲಿನವರೆಗೆ ಮುಚ್ಚುವ ಲೈಕ್ರಾ ಸೂಟ್ ಹಾಕಿಸಿಯೇ ನೀರಿಗೆ ಇಳಿಸುತ್ತಾರೆ. ಬೋರ್ಡು ನೋಡಿ ಹೆದರಿದವರು ಒಂದು ಫೋನ್ ಮಾಡಿ ಕೇಳಬಹುದಿತ್ತು ಅಲ್ವಾ?

ಕೇರ್ನ್ಸ್ ಪೇಟೆಯಲ್ಲಂತೂ ಬೀಚೇ ಇಲ್ಲ, ಕೆಸರು. ನೀರು ಇಳಿದಾಗ ಫರ್ಲಾಂಗುಗಟ್ಟಲೆ ಕೆಸರು, ಅದರ ಮೇಲೆ ಪೆಲಿಕನ್‌ಗಳು. ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಇರುವ ಕಡೆ ಮೊಸಳೆಯೂ ಇರುತ್ತದೆ. ಅದಕ್ಕೇ 2003ರಲ್ಲಿ ಕಡಲಂಚಿನ ಎಸ್ಪ್ಲನೇಡ್ ಮೇಲೆ 4,800 ಚದರ ಮೀಟರಿನ ಉಪ್ಪುನೀರಿನ ಈಜುಕೊಳ, ಲಗೂನ್ ಕಟ್ಟಿದರು. ಪುಕ್ಕಟೆ. ಮಕ್ಕಳಿಗೆ ಮೊಳಕಾಲು ಮುಳುಗುವಷ್ಟು ನೀರಿರುವ ಜಾಗವೂ ಇದೆ. ಪತ್ರದಲ್ಲಿ ನೀವು ಇದರ ಸುದ್ದಿಯೇ ಎತ್ತಿಲ್ಲ. ನಮ್ಮ ಲೇಖನದಲ್ಲೂ ಇರಲಿಲ್ಲ. ಮತ್ತೆ ತಪ್ಪು ನಮ್ಮದೇ.

ಈಗ ಉಳಿದರ್ಧ. ಬ್ರಿಸ್ಬೇನ್‌ನಿಂದ ಕೇರ್ನ್ಸ್ ಸುಮಾರು 1,700 ಕಿಲೋಮೀಟರ್. ಅದನ್ನು ಎರಡೂವರೆ ದಿನದಲ್ಲಿ, ಹಿಂದೆ ಎರಡು ಟನ್ ಎಳೆದುಕೊಂಡು ಹೋದಿರಿ! ಓಡುವಾಗ ಕ್ಯಾರವಾನ್ ಒಳಗೆ ಯಾರೂ ಕೂರುವ ಹಾಗಿಲ್ಲ, ಕಾನೂನು. ಅಂದರೆ ಐದು ಜನ ಕಾರಿನಲ್ಲೇ, ದಿನಕ್ಕೆ ಎಂಟು ಹತ್ತು ಗಂಟೆ. ನಿಮ್ಮ ಅಮ್ಮನ ಮೊಳಕಾಲಿನ ಬಗ್ಗೆ ನನಗೆ ಮರುಕ ಇದೆ. ರಾಕ್‌ಹ್ಯಾಂಪ್ಟನ್, ಮೆಕಾಯ್, ಟೌನ್ಸ್‌ವಿಲ್ ಎಂದು ಮೂರು ಕಡೆ ರಾತ್ರಿ ಉಳಿದರೆ ಮೊದಲ ದಿನ 600 ದಾಟುತ್ತದೆ, ಆಮೇಲೆ ದಿನಕ್ಕೆ 350, 400. ಮೊದಲ ದಿನವನ್ನೂ ಎರಡು ಮಾಡಿದರೆ ಇನ್ನೂ ಒಳ್ಳೆಯದು. ಅಷ್ಟು ರಜೆ ಇಲ್ಲವೇ? ಹಾಗಾದರೆ ವಿಮಾನದಲ್ಲಿ ಹೋಗಿ ಅಲ್ಲೇ ಕ್ಯಾಂಪರ್‌ವ್ಯಾನ್ (ಒಳಗೇ ಮಲಗುವ ಜಾಗ ಇರುವ ವ್ಯಾನ್) ಹಿಡಿಯಿರಿ. ಕ್ಯಾರವಾನ್ ಅವಸರದವರ ಗಾಡಿ ಅಲ್ಲ.

ಮಿಕ್ಸಿ ವಿಷಯ ಸುಲಭ. ಕ್ಯಾರವಾನ್ ನಿಲ್ಲಿಸುವ ಪಾರ್ಕಿನ ಪ್ಲಗ್ 15 ಆಂಪಿಯರ್. ಎಸಿ ಓಡುತ್ತಿದೆ, ಕೆಟಲ್ ಕುದಿಯುತ್ತಿದೆ, ಮೇಲೆ ಮಿಕ್ಸಿ ಎಂದರೆ ಟ್ರಿಪ್ ಆಗದೆ ಏನಾಗುತ್ತದೆ? ಚಟ್ನಿ ಆಗುವವರೆಗೆ ಎಸಿ ಆರಿಸಿ. ಜುಲೈಯಲ್ಲಿ ಎಸಿಯೇ ಬೇಡ.

ನಾನೇನೂ ಪಳಗಿದವನಲ್ಲ. ಅಕ್ಕನ ಸಂಸಾರದ ಜೊತೆ ಹೋದ ಆ ಜುಲೈಯಲ್ಲಿ, ಹೊರಡುವ ಬೆಳಿಗ್ಗೆ ಫ್ರಿಜ್ಜಿನ ಚಿಲಕ ಹಾಕುವ ಕೆಲಸ ನನ್ನದು. ಮರೆತೆ. ಮೊದಲ ರೌಂಡ್‌ಅಬೌಟ್‌ನಲ್ಲೇ ಬಾಗಿಲು ತೆರೆದು ಇಡ್ಲಿ ಹಿಟ್ಟಿನ ಡಬ್ಬಿ ನೆಲಕ್ಕೆ. ನಮಗೆ ಗೊತ್ತಾದದ್ದು ಇನ್ನೂರು ಕಿಲೋಮೀಟರ್ ಆದ ಮೇಲೆ. ಅಷ್ಟರಲ್ಲಿ ಅದು ಹಾಸಿಗೆಯ ಕೆಳಗೆ ಹರಿದು, ಚೆನ್ನಾಗಿ ಹುದುಗು ಬಂದಿತ್ತು. ಗಾಡಿ ವಾಪಸ್ ಕೊಡುವಾಗ ಕ್ಲೀನಿಂಗ್ ಹಣ ಹಿಡಿದುಕೊಂಡರು. ಅಕ್ಕ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಾಳೆ.

ಆ ಸಲ ನಾವು ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ ಕೇರ್ನ್ಸ್ ಮುಟ್ಟಿದ ಮೇಲೆ ಗಾಡಿ ಬಿಚ್ಚಿ, ಎಂಟು ದಿನ ಅಲ್ಲಾಡಿಸಲಿಲ್ಲ. ಮಕ್ಕಳಿಗೆ ಪಾರ್ಕಿನ ಈಜುಕೊಳ, ಹೊಸ ಗೆಳೆಯರು. ನಮಗೆ ಬರಿ ಕಾರು. ಅಥರ್ಟನ್ ಗುಡ್ಡಗಳಿಗೆ ಗಿಲೀಸ್ ರಸ್ತೆಯಲ್ಲಿ ಹತ್ತಿದೆವು. 19 ಕಿಲೋಮೀಟರಿನಲ್ಲಿ 263 ತಿರುವು. ಆಗುಂಬೆ ಘಾಟಿ ನೋಡಿ ಬೆಳೆದ ನಿಮಗೂ ಹೊಟ್ಟೆ ತೊಳಸೀತು. ಕ್ಯಾರವಾನ್ ಕಟ್ಟಿಕೊಂಡು ಹತ್ತಬೇಡಿ ಸುಮ್ನೆ. ಶುಕ್ರವಾರದಿಂದ ಭಾನುವಾರದವರೆಗೆ ರಸ್ಟೀಸ್ ಮಾರ್ಕೆಟ್ ಇರುತ್ತದೆ. ಪಪ್ಪಾಯಿ, ಬಾಳೆ ರಾಶಿ ನೋಡಿದರೆ ನಮ್ಮ ಸಂತೆಯೇ.

ಜನವರಿಯಲ್ಲೂ ನಿಮಗೆ ಒಂದು ಲಾಭ ಆಗಿದೆ, ಅದನ್ನು ನೀವು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಳೆ ಬಿಟ್ಟ ದಿನ ಕುರಾಂಡಾ ರೈಲಿನಲ್ಲಿ ಹೋದಿರಂತೆ. 1891ರಲ್ಲಿ ಕುರಾಂಡಾ ತಲುಪಿದ ಹಳಿ ಅದು, 15 ಸುರಂಗ, ಹೆಚ್ಚಿನದೆಲ್ಲ ಗುದ್ದಲಿ ಹಾರೆಯಲ್ಲಿ ಕಡಿದದ್ದು. ದಾರಿಯಲ್ಲಿ ಬ್ಯಾರನ್ ಜಲಪಾತ. ನಾನು ನೋಡಿದಾಗ ಬಂಡೆ ಮೇಲೆ ನಾಲ್ಕು ಎಳೆ ನೀರು, ಬೇಸಿಗೆಯ ಜೋಗದ ಹಾಗೆ. ಅಲ್ಲೂ ಮೇಲ್ಗಡೆ ಅಡ್ಡಗಟ್ಟಿ ಕರೆಂಟಿಗೆ ನೀರು ತಿರುಗಿಸುತ್ತಾರೆ. ನಿಮಗೆ ಕಂಡದ್ದು ತುಂಬಿದ ಬ್ಯಾರನ್. ನಿಮ್ಮ ಅಮ್ಮ ರೈಲಿನ ಕಿಟಕಿಗೆ ಮುಖ ಆನಿಸಿ "ಇದಕ್ಕೆ ಅಷ್ಟು ದೂರ ಬರಬೇಕಿತ್ತೇನೋ, ಆದರೂ ಚೆನ್ನಾಗಿದೆ" ಎಂದರು ಅಂತ ಬರೆದಿದ್ದೀರಿ. ಆ ಫೋಟೋ ಇದ್ದರೆ ಕಳಿಸಿ, ಹಾಕುತ್ತೇವೆ. ಕೆಳಗೆ ತಿಂಗಳನ್ನೂ ಹಾಕುತ್ತೇವೆ.

ನಿಮ್ಮ ಹೆಂಡತಿ ಹೇಳಿದ್ದೇ ಸರಿ, ಜುಲೈಗೆ ಹೋಗಿ. ಆದರೆ ಚಳಿ ತಪ್ಪಿಸಿಕೊಳ್ಳಲು ಮೆಲ್ಬರ್ನ್, ಸಿಡ್ನಿ ಕಡೆಯ ನಿವೃತ್ತರು ಆಗ ಕ್ಯಾರವಾನ್ ಸಾಲುಸಾಲಾಗಿ ಉತ್ತರಕ್ಕೆ ಬಿಡುತ್ತಾರೆ. ಶಾಲೆಗಳ ರಜೆಯೂ ಆಗಲೇ. ಜಾಗ ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ, ಈ ಸಂಚಿಕೆ ಕೆಳಗಿಟ್ಟು ಫೋನ್ ಎತ್ತಿ. ಅಮ್ಮನೂ ಬರುವುದಿದ್ದರೆ ಅದೇ ಪಾರ್ಕಿನಲ್ಲಿ ಅವರಿಗೊಂದು ಕ್ಯಾಬಿನ್ ಹಿಡಿಯಿರಿ, ಒಳಗೇ ಬಾತ್‌ರೂಮ್ ಇರುವಂಥದ್ದು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಪಾರ್ಕಿನ ಆ ತುದಿಯವರೆಗೆ ನಡೆಯುವುದು ಅವರಿಗೆ ಬೇಡ.