ನಾಟಿ ಮತ್ತು ನೇರ ಬಿತ್ತನೆ ಭತ್ತದ ಇಳುವರಿ: ಎಫೆಕ್ಟ್ ಸೈಜ್ ಲೆಕ್ಕ ಹಾಕಿ ಚಿತ್ರದಲ್ಲಿ ತೋರಿಸುವುದು ಹೇಗೆ?

ನಿಮ್ಮ ಥೀಸಿಸ್‌ಗೆಂದು ನೀವು ಕೊಟ್ಟಿರುವ ಅಂಕಿಗಳಲ್ಲೇ ಲೆಕ್ಕ ಮಾಡೋಣ. ಮಂಡ್ಯ ಸುತ್ತಮುತ್ತ ನಾಟಿ ಮಾಡಿದ 18 ಗದ್ದೆಗಳಲ್ಲಿ ಎಕರೆಗೆ ಸರಾಸರಿ 24.6 ಕ್ವಿಂಟಾಲ್, ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಗದ್ದೆಗಳ ಇಳುವರಿ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) 3.2. ನೇರ ಬಿತ್ತನೆಯ 15 ಗದ್ದೆಗಳಲ್ಲಿ 22.4 ಕ್ವಿಂಟಾಲ್, ಎಸ್‌ಡಿ 2.8. ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್‌ನಲ್ಲಿ ಪಿ-ವ್ಯಾಲ್ಯೂ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವ) 0.046 ಬಂದಿದೆ, ಆದರೂ ನಿಮ್ಮ ಗೈಡ್ ಎಫೆಕ್ಟ್ ಸೈಜ್, ಅಂದರೆ ವ್ಯತ್ಯಾಸದ ಗಾತ್ರದ ಅಳತೆ, ಕೇಳುತ್ತಿದ್ದಾರೆ. ಕೇಳಿದ್ದು ಸರಿ. ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದು ಪಿ-ವ್ಯಾಲ್ಯೂನಿಂದ ಗೊತ್ತಾಗುವುದಿಲ್ಲ. ಗದ್ದೆಗಳ ಸಂಖ್ಯೆ ಸಾವಿರ ದಾಟಿದರೆ ಅರ್ಧ ಕ್ವಿಂಟಾಲ್ ವ್ಯತ್ಯಾಸಕ್ಕೂ ಅದು ಸೊನ್ನೆಯ ಹತ್ತಿರ ಬಂದುಬಿಡುತ್ತದೆ.

ಮೊದಲು ಎರಡೂ ಗುಂಪಿನ ಎಸ್‌ಡಿಗಳಿಂದ ಒಂದೇ ಎಸ್‌ಡಿ ಮಾಡಿಕೊಳ್ಳಬೇಕು. ಪ್ರತಿ ಎಸ್‌ಡಿಯ ವರ್ಗವನ್ನು ಆಯಾ ಗುಂಪಿನ ಗದ್ದೆಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಗುಣಿಸಿ: 17 × 10.24 = 174.08, 14 × 7.84 = 109.76. ಮೊತ್ತ 283.84. ಅದನ್ನು 31ರಿಂದ (18 + 15 − 2) ಭಾಗಿಸಿದರೆ 9.16, ವರ್ಗಮೂಲ 3.03. ಸರಾಸರಿಗಳ ವ್ಯತ್ಯಾಸ 2.2 ಕ್ವಿಂಟಾಲನ್ನು ಇದರಿಂದ ಭಾಗಿಸಿ, 0.73 ಬರುತ್ತದೆ. ಇದೇ ಕೋಹೆನ್ಸ್ ಡಿ. ಗುಂಪು ಚಿಕ್ಕದಿದ್ದಾಗ ಇದು ಸ್ವಲ್ಪ ಉಬ್ಬಿರುತ್ತದೆ, ಹಾಗಾಗಿ 1 − 3/(4 × 31 − 1), ಅಂದರೆ 0.976ರಿಂದ ಗುಣಿಸಿ. 0.71 ಸಿಗುತ್ತದೆ. ಇದು ಹೆಡ್ಜಸ್ ಜಿ. ಥೀಸಿಸ್‌ನಲ್ಲಿ ಇದನ್ನೇ ಬರೆಯಿರಿ.

ಅತಿ ಹೆಚ್ಚು ತಪ್ಪಾಗುವುದು ಎಸ್‌ಡಿ ಬದಲು ಸ್ಟ್ಯಾಂಡರ್ಡ್ ಎರರ್ (ಎಸ್‌ಡಿಯನ್ನು ಗದ್ದೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ದು) ಹಾಕಿಬಿಡುವುದರಿಂದ. ನಿಮ್ಮ ಅಂಕಿಗಳಿಗೆ ಹಾಗೆ ಮಾಡಿದರೆ ಉತ್ತರ 3ರ ಹತ್ತಿರ ಹೋಗುತ್ತದೆ. ಇಳುವರಿ ಹೋಲಿಕೆಯಲ್ಲಿ 3 ಕಂಡರೆ ಮೊದಲು ಅನುಮಾನಪಡಬೇಕಾದದ್ದು ಇದನ್ನೇ.

ಒಂದೇ ಅಂಕಿ ಕೊಟ್ಟು ನಿಲ್ಲಿಸಬೇಡಿ, ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಬೆಲೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ವ್ಯಾಪ್ತಿ, ಬೇಕೇ ಬೇಕು. ನಿಮ್ಮ ಜಿಗೆ ಅದು ಸುಮಾರು 0.02ರಿಂದ 1.40. ಅಂದರೆ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದಿರಬಹುದು, ಬಹಳ ದೊಡ್ಡದೂ ಇರಬಹುದು. 33 ಗದ್ದೆಗಳಿಂದ ಇದಕ್ಕಿಂತ ನಿಖರವಾಗಿ ಹೇಳಲು ಆಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಸಂಖ್ಯಾಶಾಸ್ತ್ರಜ್ಞ ಕೋಹೆನ್ ಕೊಟ್ಟ 0.2 (ಚಿಕ್ಕದು), 0.5 (ಮಧ್ಯಮ), 0.8 (ದೊಡ್ಡದು) ಎಂಬ ಅಳತೆ ನೋಡಿ 'ಮಧ್ಯಮ' ಎಂದು ಬರೆದು ಮುಗಿಸುವುದೂ ಬೇಡ. ರೈತರಿಗೆ ಬೇಕಿರುವುದು ಎಕರೆಗೆ 2.2 ಕ್ವಿಂಟಾಲ್ ಹೆಚ್ಚು (ಇಂಟರ್ವಲ್ 0.04ರಿಂದ 4.36) ಅನ್ನುವ ಮಾತು. ನಾಟಿಯ ಆಳಿನ ಖರ್ಚು ಅದರಿಂದ ಹುಟ್ಟುತ್ತದೆಯೇ ಎಂದು ಅವರೇ ಲೆಕ್ಕ ಹಾಕುತ್ತಾರೆ. ಆದ್ದರಿಂದ ಜಿ ಮತ್ತು ಕ್ವಿಂಟಾಲ್ ಲೆಕ್ಕ ಎರಡನ್ನೂ ಕೊಡಿ.

ಚಿತ್ರಕ್ಕೆ ಎರಡು ಬಾರ್ ನಿಲ್ಲಿಸಿ ಮೇಲೆ ಕಡ್ಡಿ ಇಡುವ ಪದ್ಧತಿ ಬಿಡಿ. ಅದರಲ್ಲಿ ಗದ್ದೆಗಳೇ ಕಾಣುವುದಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಆಲ್ಟ್‌ಮನ್ 1986ರಲ್ಲಿ ತೋರಿಸಿದ ಚಿತ್ರ ಇದಕ್ಕೆ ಹೇಳಿ ಮಾಡಿಸಿದ್ದು: ಎಡಕ್ಕೆ ಪ್ರತಿ ಗದ್ದೆಗೊಂದು ಚುಕ್ಕೆಯಂತೆ ಎರಡು ಸಾಲು, ಬಲಕ್ಕೆ ಬೇರೆ ಅಕ್ಷದ ಮೇಲೆ ಸರಾಸರಿಗಳ ವ್ಯತ್ಯಾಸ ಮತ್ತು ಅದರ ಇಂಟರ್ವಲ್. ಬಲ ಅಕ್ಷದ ಸೊನ್ನೆ ನೇರ ಬಿತ್ತನೆಯ ಸರಾಸರಿಯ ಮಟ್ಟಕ್ಕೇ ಕೂರಬೇಕು. ಪೈಥಾನ್‌ನಲ್ಲಿ 'ಡಬೆಸ್ಟ್' ಪ್ಯಾಕೇಜ್ ಇದನ್ನು ಬಿಡಿಸಿಕೊಡುತ್ತದೆ. ಎಕ್ಸೆಲ್ ಮಾತ್ರ ಇದ್ದರೆ ಸ್ಕ್ಯಾಟರ್ ಚಾರ್ಟ್ ತೆಗೆದುಕೊಂಡು, ಒಂದು ಗುಂಪಿಗೆ ಅಡ್ಡ ಅಕ್ಷದಲ್ಲಿ 1, ಇನ್ನೊಂದಕ್ಕೆ 2 ಕೊಟ್ಟು, ಚುಕ್ಕೆಗಳು ಒಂದರ ಮೇಲೊಂದು ಬೀಳದಂತೆ ±0.1ರೊಳಗಿನ ರ‍್ಯಾಂಡಮ್ ಅಂಕಿ ಸೇರಿಸಿ. ಆಮೇಲೆ ಆ ಕಾಲಂ ಅನ್ನು ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ, ಇಲ್ಲದಿದ್ದರೆ ಶೀಟ್ ಮುಟ್ಟಿದಾಗಲೆಲ್ಲ ಚುಕ್ಕೆಗಳು ಜಾಗ ಬದಲಿಸುತ್ತವೆ.

ವೈವಾದಲ್ಲಿ ಸುಲಭವಾಗಿ ಹೇಳಬೇಕೆಂದರೆ: ಇಳುವರಿ ನಾರ್ಮಲ್ ಹಂಚಿಕೆಯಲ್ಲಿದೆ ಎಂದುಕೊಂಡರೆ, ಕಣ್ಣು ಮುಚ್ಚಿ ಎರಡೂ ಕಡೆಯಿಂದ ಒಂದೊಂದು ಗದ್ದೆ ಆರಿಸಿದಾಗ 100ರಲ್ಲಿ 69 ಸಲ ನಾಟಿಯದ್ದೇ ಮೇಲಿರುತ್ತದೆ.

ಇನ್ನು ಗದ್ದೆಗಳ ಆಯ್ಕೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೇಲ್ಭಾಗದ ಗದ್ದೆ, ಕೊನೆಯ ಭಾಗದ ಗದ್ದೆ, ಬೇರೆ ಬೇರೆ ತಳಿ ಎಲ್ಲವನ್ನೂ ಒಂದೇ ಗುಂಪಿನಲ್ಲಿ ಹಾಕಿದರೆ ಎಸ್‌ಡಿ ಹಿಗ್ಗುತ್ತದೆ. ಆಗ ಅದೇ 2.2 ಕ್ವಿಂಟಾಲ್ ವ್ಯತ್ಯಾಸಕ್ಕೂ ಜಿ ಕುಗ್ಗುತ್ತದೆ. ಬೇರೆಯವರ ಅಧ್ಯಯನದ ಜಿ ಜೊತೆ ಹೋಲಿಸುವ ಮುನ್ನ ಅವರ ಎಸ್‌ಡಿ ಎಷ್ಟಿತ್ತು ನೋಡಿ. ಹಾಗೆಯೇ ಒಬ್ಬನೇ ರೈತನ ಮೂರು ಗದ್ದೆಗಳನ್ನು ಮೂರಾಗಿ ಎಣಿಸಿದ್ದರೆ 18 ನಿಜವಾದ 18 ಅಲ್ಲ, ಇಂಟರ್ವಲ್ ಸುಳ್ಳೇ ಕಿರಿದಾಗಿರುತ್ತದೆ. ಅಂಥವಿದ್ದರೆ ಪ್ರತಿ ಗುಂಪಿನಲ್ಲೂ ರೈತನಿಗೊಂದು ಸರಾಸರಿ ತೆಗೆದು ಲೆಕ್ಕವನ್ನು ಮೊದಲಿನಿಂದ ಮಾಡಿ.