ಸೂಜಿ ಹಾಕಿ ಆಯ್ತು, ಮತ್ತೆ ಬಯಾಪ್ಸಿ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಟಿಬಿ ಇರಬಹುದು ಅಂತ ಎಫ್‌ಎನ್‌ಎಸಿ (ಗಂಟಿಗೆ ಸೂಜಿ ಹಾಕಿ ಕಣ ತೆಗೆದು ನೋಡುವ ಪರೀಕ್ಷೆ) ಮಾಡಿಸಿದೆವು. ರಿಪೋರ್ಟಿನಲ್ಲಿ ‘ಮೈಲಾಯ್ಡ್ ಸಾರ್ಕೋಮಾ ಶಂಕೆ, ಬಯಾಪ್ಸಿ ಮತ್ತು ಬೋನ್ ಮ್ಯಾರೋ ಪರೀಕ್ಷೆ ಮಾಡಿಸಿ’ ಎಂದಿದೆ. ಆದರೆ ರಕ್ತ ಪರೀಕ್ಷೆ ನಾರ್ಮಲ್! ಸೂಜಿ ಹಾಕಿಸಿದ್ದು ದಂಡವಾಯಿತಾ ಡಾಕ್ಟ್ರೇ? ಅದರಿಂದ ಕಾಯಿಲೆ ಹರಡುತ್ತದಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಖಂಡಿತ ದಂಡವಲ್ಲ. ಕುತ್ತಿಗೆಯ ಗಂಟೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿಯೇ ಅಲ್ವಾ? ಸೂಜಿ ಹಾಕದಿದ್ದರೆ ಸುಮ್ನೆ ಟಿಬಿ ಮಾತ್ರೆ ನುಂಗುತ್ತಾ ದಿನ ಕಳೆಯುತ್ತಿದ್ದರೇನೋ.

ಮೂಳೆ ಮಜ್ಜೆಯಲ್ಲಿರಬೇಕಾದ (ಬೋನ್ ಮ್ಯಾರೋ ಅಂದರೆ ಇದೇ) ಎಳೆಯ ರಕ್ತಕಣಗಳು ಹೊರಗೆಲ್ಲೋ ಸೇರಿ ಗಂಟು ಕಟ್ಟಿದರೆ ಅದೇ ಮೈಲಾಯ್ಡ್ ಸಾರ್ಕೋಮಾ. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಇನ್ನೊಂದು ರೂಪ. ಕೊಯ್ದಾಗ ಕೆಲವೊಮ್ಮೆ ಹಸಿರಾಗಿ ಕಾಣುವುದರಿಂದ ಇದಕ್ಕೆ ಕ್ಲೋರೋಮಾ ಎಂಬ ಹಳೆಯ ಹೆಸರೂ ಇದೆ. ಗಂಟು ಮೊದಲು ಬಂದು, ರಕ್ತದಲ್ಲಿ ಕಾಯಿಲೆ ತಿಂಗಳುಗಳ ನಂತರ ಕಾಣಿಸಬಹುದು. ರಕ್ತ ನಾರ್ಮಲ್ ಇದ್ದರೂ ಮಜ್ಜೆ ನೋಡಬೇಕು ಅನ್ನುವುದು ಇದಕ್ಕೇ.

ಸ್ಲೈಡ್ ನೋಡುವ ವೈದ್ಯರಾದ ನಮಗೆ ನಿಜವಾದ ತಲೆನೋವು ಮೈಕ್ರೋಸ್ಕೋಪಿನ ಕೆಳಗೆ. ಈ ಕಣಗಳು ಬಿಡಿಬಿಡಿಯಾಗಿ ಬಿದ್ದಿರುತ್ತವೆ, ನೋಡಲು ಥೇಟ್ ಲಿಂಫೋಮಾದ (ದುಗ್ಧಗ್ರಂಥಿಯ ಕ್ಯಾನ್ಸರ್) ಕಣಗಳೇ. ಜೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಮೈಲಾಯ್ಡ್ ಸಾರ್ಕೋಮಾದ ಸುಳಿವಿಗಾಗಿ ನಾನು ಎಳೆಯ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಹುಡುಕುತ್ತೇನೆ. ಕಣದೊಳಗೆ ಆವರ್ ರಾಡ್ ಎಂಬ ಸಣ್ಣ ಕಡ್ಡಿ ಸಿಕ್ಕರಂತೂ ಹಬ್ಬ. ಎಷ್ಟೋ ಸಲ ಎರಡೂ ಸಿಗುವುದಿಲ್ಲ. ಲ್ಯಾಂಗರ್‌ಹಾನ್ಸ್ ಸೆಲ್ ಹಿಸ್ಟಿಯೋಸೈಟೋಸಿಸ್ ಎಂಬ ಇನ್ನೊಂದು ಕಾಯಿಲೆಯನ್ನು ಗುರುತಿಸುವುದು ಇದಕ್ಕಿಂತ ವಾಸಿ. ಅದರ ಕಣಬೀಜದ ಮೇಲೆ ಕಾಫಿ ಬೀಜದ ಹಾಗೆ ಗೆರೆ ಇರುತ್ತದೆ, ಕಾಫಿ ನಾಡಿನವರಾದ ನಮಗೆ ಮರೆಯುವುದೇ ಇಲ್ಲ!

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು. ಇಲ್ಲಿ ಸಾಲದು. ಸೂಜಿಯಲ್ಲಿ ಬಿಡಿ ಕಣಗಳಷ್ಟೇ ಬರುತ್ತವೆ, ಬಯಾಪ್ಸಿಯಲ್ಲಿ ಗಂಟಿನ ತುಣುಕೇ ಸಿಗುತ್ತದೆ. ಕಣಗಳು ಯಾವ ಜಾತಿಯವೆಂದು ಹೇಳಲು ಎಂಪಿಒ, ಸಿಡಿ117 ಮುಂತಾದ ಪ್ರೋಟೀನ್ ಗುರುತುಗಳ ಪರೀಕ್ಷೆ ಬೇಕು. ಜೀನ್ ಪರೀಕ್ಷೆಗೂ ಸ್ಯಾಂಪಲ್ ಬೇಕು. ಸೂಜಿಯಲ್ಲಿ ಬಂದದ್ದರಿಂದ ಸೆಲ್ ಬ್ಲಾಕ್ (ಕಣಗಳನ್ನು ಮೇಣದಲ್ಲಿ ಕೂರಿಸಿದ ಅಚ್ಚು) ಮಾಡಿಟ್ಟಿದ್ದಾರಾ ಎಂದು ಲ್ಯಾಬಿನಲ್ಲಿ ಕೇಳಿ. ಇದ್ದರೆ ಕೆಲವು ಪರೀಕ್ಷೆ ಅದರಲ್ಲೇ ಆಗಬಹುದು.

ಹರಡುವ ಭಯ ಬಿಡಿ. ರಕ್ತ ತೆಗೆಯುವಂಥದ್ದೇ ಸಣ್ಣ ಸೂಜಿ ಅದು. ಮೇಲಾಗಿ ಇದು ರಕ್ತಕಣಗಳದೇ ಕಾಯಿಲೆ, ಕೀಮೋ ಕೊಡುವುದೂ ಇಡೀ ಮೈಗೇ.

ತಡಮಾಡದೆ ರಕ್ತರೋಗ ತಜ್ಞರನ್ನು ನೋಡಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಹೋಗಿ, ಬೇರೆ ಕಡೆಗೇ ಹೋಗಿ, ಬರೀ ರಿಪೋರ್ಟ್ ಒಯ್ಯಬೇಡಿ. ಸ್ಲೈಡುಗಳನ್ನೂ ಕೇಳಿ ಪಡೆದು ಜೊತೆಗಿಟ್ಟುಕೊಳ್ಳಿ.