ಡಿಸ್ಕ್ರೆಪೆನ್ಸಿ ಅಂದರೆ ಬರೀ ವ್ಯತ್ಯಾಸವೇ?

ಪ್ರಶ್ನೆ: ಕಚೇರಿ ಪತ್ರಗಳಲ್ಲಿ, ಆಡಿಟ್ ವರದಿಗಳಲ್ಲಿ ‘ಡಿಸ್ಕ್ರೆಪೆನ್ಸಿ’ ಅನ್ನುವ ಪದ ಪದೇ ಪದೇ ಕಾಣುತ್ತದೆ. ಅದಕ್ಕೆ ‘ವ್ಯತ್ಯಾಸ’ ಅಂತಲೇ ಅರ್ಥ ಹೇಳುತ್ತಾರೆ. ಹಾಗಾದರೆ ‘ಡಿಫರೆನ್ಸ್’ ಅಂದರೆ ಸಾಕಲ್ವಾ? ಈ ಪದ ಎಲ್ಲಿಂದ ಬಂತು?

ಉತ್ತರ: ಸಾಕಾಗುವುದಿಲ್ಲ. ಯಾವ ಎರಡರ ನಡುವೆ ಬೇಕಾದರೂ ಡಿಫರೆನ್ಸ್ ಇರಬಹುದು, ಆದರೆ ಒಂದೇ ಆಗಿರಬೇಕಿದ್ದ ಎರಡು ವಿವರಗಳು ಬೇರೆ ಬೇರೆಯಾಗಿ ಕಂಡಾಗ ಮಾತ್ರ ಅದು ಡಿಸ್ಕ್ರೆಪೆನ್ಸಿ. ಅಣ್ಣನಿಗೆ 40 ವರ್ಷ, ತಮ್ಮನಿಗೆ 35. ಇದು ಡಿಫರೆನ್ಸ್, ಇದರಲ್ಲಿ ಕೇಳುವಂಥದ್ದೇನೂ ಇಲ್ಲ. ಅದೇ ಅಣ್ಣನ ಹುಟ್ಟಿದ ದಿನ ಪಾಸ್‌ಪೋರ್ಟಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅದು ಡಿಸ್ಕ್ರೆಪೆನ್ಸಿ, ಯಾಕೆಂದರೆ ಒಬ್ಬ ಮನುಷ್ಯ ಎರಡು ದಿನ ಹುಟ್ಟುವುದಿಲ್ಲ. ಲೆಕ್ಕ ‘ತಾಳೆ ಆಗುತ್ತಿಲ್ಲ’ ಅನ್ನುತ್ತೇವಲ್ಲ, ನನಗೆ ಇದಕ್ಕಿಂತ ಒಳ್ಳೆಯ ಅನುವಾದ ಕಂಡಿಲ್ಲ. ‘ವ್ಯತ್ಯಾಸ’ ಅಂದರೆ ಅರ್ಧ ಅರ್ಥ ಮಾತ್ರ ಬರುತ್ತದೆ.

ಪದದ ಹುಟ್ಟು ಇನ್ನೂ ಚೆನ್ನಾಗಿದೆ. ಲ್ಯಾಟಿನ್ನಿನಲ್ಲಿ ‘ಕ್ರೆಪಾರೆ’ ಅಂದರೆ ಚಟಪಟ ಸದ್ದು ಮಾಡುವುದು, ಸದ್ದಿನೊಂದಿಗೆ ಬಿರಿಯುವುದು. ಮುಂದೆ ‘ಡಿಸ್’ ಸೇರಿದರೆ ಬೇರೆ ಸದ್ದು ಹೊರಡಿಸುವುದು, ಅಂದರೆ ಶ್ರುತಿ ಸೇರದಿರುವುದು. ರೋಮಿನ ವಾಗ್ಮಿ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಈ ಪದವನ್ನು ಸಂಗೀತಕ್ಕೇ ಬಳಸಿದ್ದಾನೆ. ತಂತಿವಾದ್ಯವಾಗಲಿ ಕೊಳಲಾಗಲಿ, ಶ್ರುತಿ ಒಂದಿಷ್ಟು ತಪ್ಪಿದರೂ ತಿಳಿದವರಿಗೆ ಗೊತ್ತಾಗುತ್ತದೆ, ಬದುಕಿನ ನಡವಳಿಕೆಯಲ್ಲೂ ಹಾಗೇ ಎಚ್ಚರ ಇರಬೇಕು ಅನ್ನುವುದು ಅವನ ಮಾತಿನ ಸಾರ. ನಮ್ಮ ‘ಅಪಸ್ವರ’ಕ್ಕೆ ಎಷ್ಟು ಹತ್ತಿರ ನೋಡಿ! ಕಾಲ ಕಳೆದಂತೆ ಸದ್ದು ಹೋಯಿತು, ಹೊಂದದಿರುವುದು ಅನ್ನುವ ಅರ್ಥ ಮಾತ್ರ ಉಳಿಯಿತು. ಬಂಡೆಯ ಬಿರುಕಿಗೆ ಹೇಳುವ ‘ಕ್ರೆವಿಸ್’ ಕೂಡ ಇದೇ ಬೇರಿನದು. ಮಂಡಿ ಮಡಚಿದಾಗ ಬರುವ ಕಟಕಟ ಸದ್ದಿಗೆ ಡಾಕ್ಟರುಗಳು ‘ಕ್ರೆಪಿಟಸ್’ ಅನ್ನುತ್ತಾರೆ, ಅದೂ ಅಷ್ಟೇ.

ಪ್ರಶ್ನೆ: ‘ಡಿಸ್ಪ್ಯಾರಿಟಿ’ ಕೂಡ ಇದೇ ಅರ್ಥದ್ದಾ? ಸಂಬಳದ ವಿಷಯದಲ್ಲಿ ಎರಡನ್ನೂ ಬಳಸುವುದನ್ನು ಕೇಳಿದ್ದೇನೆ.

ಉತ್ತರ: ಅಲ್ಲ. ಇದರ ಬೇರು ಲ್ಯಾಟಿನ್ನಿನ ‘ಪಾರ್’, ಅಂದರೆ ಸಮ. ಡಿಸ್ಪ್ಯಾರಿಟಿ ಅಂದರೆ ಅಸಮಾನತೆ, ಮೇಲು ಕೆಳಗಿನ ಅಂತರ. ನೀವು ಹೇಳಿದ ಸಂಬಳವನ್ನೇ ತೆಗೆದುಕೊಳ್ಳಿ. ಒಂದೇ ಕೆಲಸಕ್ಕೆ ಗಂಡಸಿಗೆ ಜಾಸ್ತಿ, ಹೆಂಗಸಿಗೆ ಕಡಿಮೆ ಕೊಡುತ್ತಿದ್ದರೆ ಅದು ‘ಪೇ ಡಿಸ್ಪ್ಯಾರಿಟಿ’. ಪೇಸ್ಲಿಪ್ಪಿನಲ್ಲಿ ಇರುವ ಮೊತ್ತ ಒಂದು, ಬ್ಯಾಂಕ್ ಖಾತೆಗೆ ಬಂದದ್ದು ಇನ್ನೊಂದು ಆಗಿದ್ದರೆ ‘ಪೇ ಡಿಸ್ಕ್ರೆಪೆನ್ಸಿ’. ಎರಡನೆಯದನ್ನು ಲೆಕ್ಕಪತ್ರ ವಿಭಾಗದವರು ಒಂದು ದಿನದಲ್ಲಿ ಸರಿಮಾಡಬಹುದು, ಮೊದಲನೆಯದಕ್ಕೆ ವರ್ಷಗಟ್ಟಲೆ ಹೋರಾಟ ಬೇಕಾಗಬಹುದು. ಅದಕ್ಕೇ ದೂರು ಬರೆಯುವಾಗ ಈ ಎರಡು ಪದ ಅದಲುಬದಲಾಗಬಾರದು, ನೀವು ಕೇಳುತ್ತಿರುವುದೇ ಬೇರೆ ಆಗಿಬಿಡುತ್ತದೆ.

ಪ್ರಶ್ನೆ: ನನ್ನ ಅರ್ಜಿಯಲ್ಲಿ ‘ಡಿಸ್ಕ್ರೆಪೆನ್ಸಿ’ ಇದೆ ಅಂತ ಪತ್ರ ಬಂದಿದೆ. ನಾನು ಸುಳ್ಳು ಹೇಳಿದ್ದೇನೆ ಅಂತ ಅದರ ಅರ್ಥವೇ? ತುಂಬಾ ಬೇಜಾರಾಗಿದೆ.

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಎರಡು ಕಡೆಯ ವಿವರ ಹೊಂದುತ್ತಿಲ್ಲ ಅಂತಷ್ಟೇ ಆ ಪದ ಹೇಳುತ್ತದೆ, ತಪ್ಪು ಯಾರದು ಅಂತ ಹೇಳುವುದಿಲ್ಲ. ನಿಮ್ಮ ಅರ್ಜಿ ಸರಿಯಿದ್ದು ಅವರ ದಾಖಲೆಯೇ ತಪ್ಪಿರಬಹುದು. ಎರಡೂ ತಪ್ಪಿರಬಹುದು. ಕೆಲವು ಸಲ ಎರಡೂ ಸರಿಯೇ ಇದ್ದು, ಯಾರ ಕಣ್ಣಿಗೂ ಬೀಳದ ಮೂರನೆಯ ಕಾರಣ ಇರುತ್ತದೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ವಿಜ್ಞಾನದ್ದು. ಇಂಗ್ಲೆಂಡಿನ ಲಾರ್ಡ್ ರೇಲೀ ನೈಟ್ರೋಜನ್ ಅನಿಲದ ತೂಕವನ್ನು ಬಹಳ ನಿಖರವಾಗಿ ಅಳೆಯುತ್ತಿದ್ದರು. ಗಾಳಿಯಿಂದ ಬೇರ್ಪಡಿಸಿದ ನೈಟ್ರೋಜನ್, ರಾಸಾಯನಿಕಗಳಿಂದ ತಯಾರಿಸಿದ ನೈಟ್ರೋಜನ್‌ಗಿಂತ ಸುಮಾರು 200ರಲ್ಲಿ ಒಂದು ಪಾಲು ಜಾಸ್ತಿ ತೂಗುತ್ತಿತ್ತು. ಇಷ್ಟು ಸಣ್ಣ ವ್ಯತ್ಯಾಸವನ್ನು ಬೇರೆಯವರಾಗಿದ್ದರೆ ಕೈತಪ್ಪು ಅಂತ ಬಿಟ್ಟುಬಿಡುತ್ತಿದ್ದರೇನೋ, ಅವರು ಬಿಡಲಿಲ್ಲ, 1892ರಲ್ಲಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದು ಇದಕ್ಕೆ ಕಾರಣ ಏನಿರಬಹುದು ಅಂತ ಓದುಗರನ್ನೇ ಕೇಳಿದರು. ಕೊನೆಗೆ ಗೊತ್ತಾದದ್ದೇನೆಂದರೆ ಎರಡು ಅಳತೆಯಲ್ಲೂ ತಪ್ಪಿರಲಿಲ್ಲ, ಗಾಳಿಯಿಂದ ತೆಗೆದದ್ದರಲ್ಲಿ ಆವರೆಗೆ ಯಾರಿಗೂ ಗೊತ್ತಿಲ್ಲದ ಇನ್ನೊಂದು ಅನಿಲ ಸೇರಿಕೊಂಡಿತ್ತು. 1894ರಲ್ಲಿ ರೇಲೀ ಮತ್ತು ವಿಲಿಯಂ ರ‍್ಯಾಮ್ಸೆ ಅದನ್ನು ಪ್ರಕಟಿಸಿದರು. ಅದೇ ಆರ್ಗಾನ್, ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚುಕಡಿಮೆ ಶೇಕಡಾ 1ರಷ್ಟಿದೆ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲೀಗೆ ಭೌತವಿಜ್ಞಾನದಲ್ಲಿ, ರ‍್ಯಾಮ್ಸೆಗೆ ರಸಾಯನವಿಜ್ಞಾನದಲ್ಲಿ.

ನಿಮ್ಮ ಪತ್ರಕ್ಕೆ ಬರೋಣ. ಯಾವ ಎರಡು ದಾಖಲೆಗಳು, ಯಾವ ವಿವರ ಹೊಂದುತ್ತಿಲ್ಲ ಅಂತ ಮೊದಲು ಲಿಖಿತವಾಗಿ ಕೇಳಿ. ಸುಮ್ನೆ ‘ಡಿಸ್ಕ್ರೆಪೆನ್ಸಿ ಇದೆ’ ಅಂದರೆ ಉತ್ತರ ಕೊಡಲು ಆಗುವುದಿಲ್ಲ, ಹಾಗೆ ಬರೆಯುವುದು ಬರೆದವರದ್ದೇ ಅರೆಕೆಲಸ ಅಂತ ನನ್ನ ಅಭಿಪ್ರಾಯ. ವಿವರ ಬಂದ ಮೇಲೆ ಯಾವುದು ಸರಿ, ಅದಕ್ಕೆ ಆಧಾರ ಏನು ಅನ್ನುವುದನ್ನು ಎರಡು ಸಾಲಿನಲ್ಲಿ ಬರೆದು ಪ್ರತಿ ಲಗತ್ತಿಸಿ. ಆದರೆ ಉತ್ತರ ಕೊಡದೆ ಮಾತ್ರ ಬಿಡಬೇಡಿ. ತಾಳೆಯಾಗದ ಕಾಗದ ನಿಜಕ್ಕೂ ಕೆಲಸ ನಿಲ್ಲಿಸುತ್ತದೆ. ವಿದೇಶ ವ್ಯಾಪಾರದಲ್ಲಿ ಲೆಟರ್ ಆಫ್ ಕ್ರೆಡಿಟ್ (ದಾಖಲೆ ಸರಿಯಿದ್ದರೆ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಭರವಸೆ ಪತ್ರ) ಮೇಲೆ ಸರಕು ಕಳಿಸಿದವರು ಕೊಟ್ಟ ದಾಖಲೆಗಳಲ್ಲಿ ಇಂಥ ಹೊಂದಿಕೆಯಾಗದ ವಿವರ ಕಂಡರೆ, ಸರಕು ಚೆನ್ನಾಗಿಯೇ ಇದ್ದರೂ ಬ್ಯಾಂಕು ಹಣ ಕೊಡಲು ನಿರಾಕರಿಸಬಹುದು.

ಪ್ರಶ್ನೆ: ಉಚ್ಚಾರಣೆ ಹೇಗೆ? ವಾಕ್ಯದಲ್ಲಿ ಹೇಗೆ ಬಳಸಬೇಕು?

ಉತ್ತರ: ಒತ್ತು ‘ಕ್ರೆ’ ಮೇಲೆ ಬರಬೇಕು: ಡಿಸ್‌-ಕ್ರೆ-ಪೆನ್‌-ಸಿ. ‘ಡಿಸ್ಕ್ರಿಪ್ಷನ್’ ಜೊತೆ ಕಲಸಿಕೊಂಡು ‘ಡಿಸ್ಕ್ರಿಪೆನ್ಸಿ’ ಅನ್ನುವವರು ತುಂಬಾ ಜನ ಇದ್ದಾರೆ, ಅದು ತಪ್ಪು. ಎರಡು ದಾಖಲೆಗಳನ್ನು ಹೆಸರಿಸುವಾಗ ‘ಬಿಟ್ವೀನ್’ ಹಾಕಿ, ಒಂದೇ ಲೆಕ್ಕದೊಳಗಿನ ಮಾತಾದರೆ ‘ಇನ್’ ಸಾಕು. ಒಂದೇ ಇದ್ದರೆ ಪದಕ್ಕೆ ಮೊದಲು ‘ಎ’ ಬರಬೇಕು, ಹೆಚ್ಚಿದ್ದರೆ ‘ಡಿಸ್ಕ್ರೆಪೆನ್ಸೀಸ್’.